ಒದ್ದೆ ಹೆಬ್ಬೆಟ್ಟು

‘ಉಗೀಬೇಡ ಮುದುಕಿ. ಉಗಿದ್ರೆ ನಿನ್ನ ನಾಲಿಗೆ ಕಿತ್ತು ಇದೇ ಹಂಡೆಗೆ ಹಾಕ್ತೀನಿ’ ಎಂದ ಮೇಸ್ತ್ರಿ.

ಅತ್ತೆ ಉಗಿದಳು. ಅವನ ಚಪ್ಪಲಿಯಿಂದ ಗೇಣು ದೂರಕ್ಕೆ ಬಿತ್ತು. ಚೊಂಬಿನಿಂದ ನೀರು ತೆಗೆದುಕೊಂಡು ಎರಡು ಸಲ ಬಾಯಿ ಮುಕ್ಕಳಿಸಿದಳು.

‘ಕಹಿ.’

‘ಇನ್ನೊಂದ್ ಸಲ ನೋಡು.’

‘ಹತ್ತು ಸಲ ನೋಡಿದ್ರೂ ಕಹೀನೇ. ನೀನ್ ಬೈದೆ ಅಂತ ಅದು ಸಿಹಿ ಆಗಲ್ಲ.’

ಹೊರಗಿನ ಬೋರ್ಡಿನಲ್ಲಿ ಕಳಲೆ ಕಾರ್ಖಾನೆ ಎಂದಿದೆ. ಒಳಗೆ ಇರುವುದು ಒಂದು ತಗಡಿನ ಶೆಡ್ಡು, ಆರು ಸಿಮೆಂಟಿನ ತೊಟ್ಟಿ, ಎರಡು ಹಂಡೆ, ಹನ್ನೆರಡು ಜನ ಹೆಂಗಸರು. ಲಾರಿ ಬಿದಿರಿನ ಮೊಳಕೆ ತಂದು ಸುರಿಯುತ್ತದೆ. ನಾವು ಸಿಪ್ಪೆ ಸುಲಿಯುತ್ತೇವೆ, ಹೆಚ್ಚುತ್ತೇವೆ, ನೆನೆಹಾಕುತ್ತೇವೆ, ಕುದಿಸುತ್ತೇವೆ, ಪ್ಯಾಕೆಟ್ಟಿಗೆ ತುಂಬುತ್ತೇವೆ. ಸಿಪ್ಪೆಯ ಮೇಲಿನ ಸಣ್ಣ ರೋಮ ಚರ್ಮಕ್ಕೆ ಹೊಕ್ಕರೆ ವಾರಗಟ್ಟಲೆ ತುರಿಕೆ. ತುರಿಸಿಕೊಂಡರೆ ಕೆಲಸಗಳ್ಳಿ ಎನ್ನುತ್ತಾನೆ ಮೇಸ್ತ್ರಿ.

ಕಳಲೆಯ ರುಚಿ ತಿನ್ನುವವರಿಗೆ ಗೊತ್ತು, ಅದರ ವಿಷ ನಮಗೆ ಗೊತ್ತು. ಹಸಿಯಾಗಿ ತಿನ್ನುವ ಪದಾರ್ಥವಲ್ಲ ಅದು. ತೆಳ್ಳಗೆ ಹೆಚ್ಚಿ ಮೂರು ದಿನ ನೆನೆಹಾಕಬೇಕು. ದಿನಾ ಬೆಳಿಗ್ಗೆ ಹಳೆಯ ನೀರು ಚೆಲ್ಲಿ ಹೊಸ ನೀರು ತುಂಬಬೇಕು. ಆಮೇಲೆ ಮುಚ್ಚಳ ತೆಗೆದಿಟ್ಟೇ ಕುದಿಸಬೇಕು, ವಿಷ ಹಬೆಯ ಜೊತೆ ಹೊರಗೆ ಹೋಗಬೇಕು. ಕುದಿಸಿದ ನೀರನ್ನೂ ಮೋರಿಗೇ ಚೆಲ್ಲಬೇಕು. ಇದು ಯಾವ ಪುಸ್ತಕದಲ್ಲಿ ಇದೆಯೋ ನನಗೆ ಗೊತ್ತಿಲ್ಲ. ನನಗೆ ಅತ್ತೆ ಕಲಿಸಿದಳು, ಅವಳಿಗೆ ಅವಳ ಅತ್ತೆ ಕಲಿಸಿದಳು.

ಇಷ್ಟಾದ ಮೇಲೆ ಅತ್ತೆಯ ನಾಲಿಗೆಯ ಕೆಲಸ. ಹಂಡೆಯಿಂದ ಒಂದು ತುಂಡು ತೆಗೆದು ನಾಲಿಗೆಯ ಹಿಂಬದಿಗೆ, ಗಂಟಲ ಹತ್ತಿರ ಇಟ್ಟುಕೊಂಡು ಕಣ್ಣು ಮುಚ್ಚುತ್ತಾಳೆ. ಅವಳು ‘ಆಯ್ತು’ ಎಂದರೆ ಪ್ಯಾಕೆಟ್ಟಿಗೆ, ‘ಕಹಿ’ ಎಂದರೆ ಮತ್ತೆ ತೊಟ್ಟಿಗೆ. ಹತ್ತೊಂಬತ್ತು ವರ್ಷದಿಂದ ಇದೇ. ನಾಲಿಗೆ ಕೆಡಬಾರದೆಂದು ಅವಳು ಮೆಣಸಿನಕಾಯಿ ಮುಟ್ಟುವುದಿಲ್ಲ, ಬಿಸಿಬಿಸಿ ಏನನ್ನೂ ಕುಡಿಯುವುದಿಲ್ಲ. ನಮ್ಮ ಮನೆಯಲ್ಲಿ ಖಾರವೆಂದರೆ ಅವಳ ಮಾತೊಂದೇ.

ಅವತ್ತು ಬುಧವಾರ. ಮಂಗಳವಾರವೇ ನೀರಿನ ಮೋಟಾರು ಸುಟ್ಟುಹೋಗಿತ್ತು. ಯಜಮಾನರಿಗೆ ಹೇಳಿದರೆ ‘ನೋಡೋಣ’ ಎಂದಿದ್ದರು. ಅವರ ‘ನೋಡೋಣ’ಕ್ಕೆ ಕಾದು ಕಾದು ನನ್ನ ತಲೆ ನೆರೆಯಲು ಶುರುವಾಗಿದೆ. ಸೋಮವಾರ ಮಧ್ಯಾಹ್ನ ಹೆಚ್ಚಿ ಹಾಕಿದ ಕಳಲೆ ಮೊದಲ ನೀರಿನಲ್ಲೇ ಕೂತಿತ್ತು. ನೀರು ಹಳದಿಗೆ ತಿರುಗಿ ನೊರೆ ಕಟ್ಟಿತ್ತು. ಆದರೆ ಊರಾಚೆ ಕಟ್ಟುತ್ತಿರುವ ದೊಡ್ಡ ಬಿಲ್ಡಿಂಗಿನ ಕೂಲಿಗಳ ಕ್ಯಾಂಟೀನಿಗೆ ಮೂರು ಗಂಟೆಗೆ ಮಾಲು ಹೋಗಬೇಕಿತ್ತು. ಮೇಸ್ತ್ರಿ ಆ ನೀರಿನ ಸಮೇತ ಹಂಡೆಗೆ ಹಾಕಿಸಿ, ಬೇಗ ಕುದಿಯಲಿ ಎಂದು ಮುಚ್ಚಳ ಮುಚ್ಚಿಸಿದ. ಮುಚ್ಚಳದ ಮೇಲೆ ಕಲ್ಲು ಇಟ್ಟವಳು ನಾನೇ.

‘ನೀನ್ ಬಾ ಇಲ್ಲಿ’ ಎಂದು ನನ್ನ ಕಡೆ ತಿರುಗಿದ ಮೇಸ್ತ್ರಿ. ‘ನೀನ್ ನೋಡ್ ಹೇಳು.’

‘ನಂಗೇನ್ ಗೊತ್ತು ಮೇಸ್ತ್ರಿ. ನಾನು ಹೆಚ್ಚೋಳು.’

‘ನಾಲಿಗೆ ಇದೆ ತಾನೇ? ಗಂಡನ್ನ ಮನೆ ಬಿಟ್ಟು ಓಡಿಸಿದ್ ನಾಲಿಗೆ. ಇಷ್ಟಕ್ಕೆ ಆಗಲ್ವಾ?’

ಯಾರೋ ಕಿಸಕ್ಕೆಂದರು. ಯಾರೆಂದು ನನಗೆ ಗೊತ್ತು. ಅತ್ತೆಯ ಮಗ, ಅಂದರೆ ನನ್ನ ಗಂಡ, ನಮ್ಮಿಬ್ಬರನ್ನೂ ಬಿಟ್ಟು ಹೋಗಿ ನಾಲ್ಕು ವರ್ಷ. ಅವನು ಹೋದ ಮೇಲೆ ಅತ್ತೆಗೆ ಸೊಸೆ, ಸೊಸೆಗೆ ಅತ್ತೆ ಅಂತ ಉಳಿದೆವು. ಶೆಡ್ಡಿನ ಹಿಂದೆ ಯಜಮಾನರು ಕೊಟ್ಟ ಒಂದು ರೂಮು, ಮಂಚ ಹಾಕಿದರೆ ಬಾಗಿಲು ತೆಗೆಯಲಾಗದಷ್ಟು ಅಗಲದ್ದು.

ಮೇಸ್ತ್ರಿ ದನಿ ತಗ್ಗಿಸಿದ. ‘ಕಹಿ ಅಂದ್ಯೋ, ಇಬ್ರೂ ಈಗಲೇ ಗಂಟುಮೂಟೆ ಕಟ್ಟಿ. ರೂಮಿನ್ ಬೀಗ ಕೊಟ್ಟು ಹೋಗಿ.’

ನಾನು ತುಂಡನ್ನು ಬಾಯಿಗಿಟ್ಟುಕೊಂಡೆ. ನಾಲಿಗೆಯ ತುದಿಗೆ ಏನೂ ಅನ್ನಿಸಲಿಲ್ಲ. ಕಹಿ ಹಿಂದಿನಿಂದ ಬಂತು, ಗಂಟಲು ಹಿಡಿಯಿತು, ಕಿವಿಯವರೆಗೂ ಏರಿತು. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದಳು. ಉಗಿದರೆ ಎಲ್ಲರಿಗೂ ಗೊತ್ತಾಗುತ್ತದೆ ಎಂದು ನುಂಗಿಬಿಟ್ಟೆ.

‘ಆಯ್ತು’ ಎಂದೆ.

ಮೂರು ಗಂಟೆಗೆ ಲಾರಿ ಹೋಯಿತು.

*

ಅತ್ತೆ ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಳು. ಏನಾದರೂ ಹೇಳಬೇಕಿದ್ದರೆ ಪಾತ್ರೆಗೋ ಗೋಡೆಗೋ ಹೇಳುತ್ತಿದ್ದಳು. ‘ಈ ಪಾತ್ರೆಗೆ ಇಷ್ಟು ಉಪ್ಪು ಯಾರ್ ಹಾಕಿದ್ರೋ’ ಎಂದು ಪಾತ್ರೆಯನ್ನು ಕೇಳಿ, ಪಾತ್ರೆ ಉತ್ತರ ಕೊಡಲಿಲ್ಲವೆಂದು ಎದ್ದು ಹೋಗುತ್ತಿದ್ದಳು.

ಗುರುವಾರ ನನಗೆ ತಡೆಯಲಾಗಲಿಲ್ಲ. ‘ನಾನ್ ಏನ್ ಮಾಡ್ಬೇಕಿತ್ತು ಅತ್ತೆ? ಬೀದಿಗೆ ಬೀಳ್ಬೇಕಿತ್ತಾ?’

ಅವಳು ಗೋಡೆಯ ಕಡೆ ತಿರುಗಿದಳು. ‘ಕೇಳಿಸ್ಕೊಂಡ್ಯಾ ಗೋಡೆ? ಬೀದಿಗೆ ಬಿದ್ದೋರು ಎದ್ದಿದ್ದು ನಾನು ನೋಡಿದೀನಿ. ಹೊಟ್ಟೆಗೆ ವಿಷ ಬಿದ್ದೋರು ಎದ್ದಿದ್ದು ನೋಡಿಲ್ಲ.’

ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ರಸ್ತೆಯಲ್ಲಿ ಗಾಡಿಯ ಸದ್ದಾದರೆ ಎದ್ದು ಬಾಗಿಲಿಗೆ ಹೋಗಿ ನೋಡುತ್ತಿದ್ದೆ. ಹೆಚ್ಚುವಾಗ ಎರಡು ಸಲ ಬೆರಳು ಕೊಯ್ದುಕೊಂಡೆ. ಊಟಕ್ಕೆ ಕೂತರೆ, ಅಲ್ಲಿ ಕ್ಯಾಂಟೀನಿನಲ್ಲಿ ಈಗ ಯಾರು ತಟ್ಟೆ ಹಿಡಿದು ನಿಂತಿದ್ದಾರೋ ಎಂದು ತುತ್ತು ಕೈಯಲ್ಲೇ ಉಳಿಯುತ್ತಿತ್ತು. ಕೊನೆಗೆ ಮೇಸ್ತ್ರಿಯ ಹತ್ತಿರ ಹೋದೆ.

‘ಮೇಸ್ತ್ರಿ, ಆ ಮಾಲು ವಾಪಸ್ ತರಿಸಿ. ಇಲ್ಲಾಂದ್ರೆ ಇನ್ನೊಂದ್ಸಲ ನೀರಲ್ಲಿ ಕುದಿಸಿ ಚೆಲ್ಲೋಕೆ ಹೇಳಿ. ಒಂದ್ ಫೋನ್ ಮಾಡಿ ಸಾಕು.’

‘ಯಾಕೆ? ನೀನೇ ತಾನೇ ಆಯ್ತು ಅಂದಿದ್ದು?’

‘ನೀವ್ ಹೇಳಿಸಿದ್ರಿ.’

‘ನಾನ್ ನೋಡು ಅಂದೆ. ಹೇಳಿದ್ದು ನಿನ್ ಬಾಯಿ. ಹೋಗೇ ಮುಂಡೆ, ಕೆಲಸ ನೋಡು.’

ಶುಕ್ರವಾರ ಮಧ್ಯಾಹ್ನ ಸುದ್ದಿ ಬಂತು. ಮೋಟಾರು ಸುಟ್ಟ ಮೇಲೆ ಕುಡಿಯುವ ನೀರು ತರುತ್ತಿದ್ದ ಟ್ಯಾಂಕರಿನ ಡ್ರೈವರು ಗುಂಗುರಿಗೆ ಹೇಳಿದ. ಗುಂಗುರಿ ಎಂದರೆ ನನ್ನ ಪಕ್ಕದಲ್ಲಿ ಸುಲಿಯಲು ಕೂರುವವಳು, ಗುಂಗುರು ಕೂದಲಿನವಳು. ಅವಳು ನನ್ನ ಮುಂದೆ ಬಂದು ನಿಂತಾಗಲೇ ನನಗೆ ಗೊತ್ತಾಯಿತು.

‘ಕ್ಯಾಂಟೀನಲ್ಲಿ ಹದಿಮೂರು ಜನ ಬಿದ್ದವ್ರಂತೆ ಕಣೇ. ವಾಂತಿ, ತಲೆ ಸುತ್ತು, ಉಸಿರು ಕಟ್ಟೋದು. ಪ್ಯಾಕೆಟ್ ಮೇಲೆ ಬೇಯಿಸೋ ಕೆಲಸ ಇಲ್ಲ ಅಂತ ಬರೆದೈತಲ್ಲ, ಅಡುಗೆಯೋನು ಸುಮ್ನೆ ಬಿಸಿ ಮಾಡಿ ಹಾಕವ್ನೆ. ಹನ್ನೆರಡು ಜನ ಎದ್ದು ಕೂತವ್ರಂತೆ.’

‘ಇನ್ನೊಬ್ರು?’

‘ಇಟ್ಟಿಗೆ ಹೊರೋಳು ಒಬ್ಳು. ಇನ್ನೂ ಕಣ್ಣು ಬಿಟ್ಟಿಲ್ಲ.’

ಅವಳೂ ನನ್ನ ಹಾಗೆ ಕೂಲಿಯವಳು. ಮಧ್ಯಾಹ್ನದ ಊಟಕ್ಕೆ ಕೈ ತೊಳೆದುಕೊಂಡು ಬಂದು ಕೂತಿರುತ್ತಾಳೆ. ಕೊಂಚ ಕಹಿ ಅನ್ನಿಸಿದ್ದರೂ ಹಸಿದ ಹೊಟ್ಟೆಗೆ ಏನು ಕಹಿ ಎಂದು ತಿಂದಿರುತ್ತಾಳೆ. ನಾನು ಹೇಳಿದ ಒಂದು ಸುಳ್ಳು ಅವಳ ಹೊಟ್ಟೆಯಲ್ಲಿತ್ತು.

*

ಮೂರು ದಿನವಾದರೂ ಬಾರದ ಮೋಟಾರು, ಆಹಾರ ಇಲಾಖೆಯ ಸಾಹೇಬರು ಬರುತ್ತಾರೆ ಎಂದ ಮೇಲೆ ಮೂರು ಗಂಟೆಯಲ್ಲಿ ಬಂತು. ಶನಿವಾರ ಬೆಳಿಗ್ಗೆ ಎಲ್ಲ ತೊಟ್ಟಿಗಳಿಗೂ ಹೊಸ ನೀರು. ಹಂಡೆಯ ಮುಚ್ಚಳಗಳನ್ನು ಮೇಸ್ತ್ರಿಯೇ ಹೊತ್ತು ಸೌದೆಯ ಹಿಂದೆ ಬಚ್ಚಿಟ್ಟ.

ಅದಕ್ಕೂ ಮೊದಲು ಯಜಮಾನರು ನಮ್ಮ ರೂಮಿಗೆ ಬಂದರು. ಹತ್ತೊಂಬತ್ತು ವರ್ಷದಲ್ಲಿ ಅದೇ ಮೊದಲು. ಚಪ್ಪಲಿ ಹಾಕಿಕೊಂಡೇ ಹೊಸ್ತಿಲ ಒಳಗೆ ನಿಂತು, ಅತ್ತೆಯ ಚಾಪೆಯ ತುದಿಯನ್ನು ಮೆಟ್ಟಿದರು. ಅವರು ಬೈಯುವುದಿಲ್ಲ. ಬೈಯಲು ಮೇಸ್ತ್ರಿಯನ್ನು ಇಟ್ಟುಕೊಂಡಿದ್ದಾರೆ.

‘ನೋಡಜ್ಜಿ, ಚೀಟಿ ಮೇಲೆ ಹೆಬ್ಬೆಟ್ಟು ನಿಂದು’ ಎಂದರು ಮೆತ್ತಗೆ.

ಅದು ಹೇಗೆ ಎಂದು ನಮಗೆಲ್ಲ ಗೊತ್ತಿತ್ತು. ಒಂದು ಹಂಡೆಗೆ ಒಂದು ಚೀಟಿ. ಯಾರು ರುಚಿ ನೋಡಿ ಮಾಲು ಬಿಟ್ಟರೋ ಅವರ ಹೆಬ್ಬೆಟ್ಟು ಅದರ ಮೇಲೆ ಇರಬೇಕು. ಆದರೆ ದಿನವಿಡೀ ನೀರಿನಲ್ಲಿ ಕೈಯಾಡಿಸುವವರ ಬೆರಳು ಎರಡೇ ದಿನಕ್ಕೆ ನೆನೆದು ಸುಕ್ಕಾಗುತ್ತದೆ, ಗೆರೆಗಳು ಅಳಿಸಿಹೋಗುತ್ತವೆ. ಒತ್ತಿದರೆ ಮಸಿಯ ಮಚ್ಚೆ ಬೀಳುತ್ತದೆ ಹೊರತು ಗುರುತು ಬೀಳುವುದಿಲ್ಲ. ಅದಕ್ಕೆ ಭಾನುವಾರದ ರಜೆ ಮುಗಿಸಿ ಒಣಗಿದ ಕೈಯಲ್ಲಿ ಬರುವ ಸೋಮವಾರ ಬೆಳಿಗ್ಗೆಯೇ ವಾರದ ಚೀಟಿಗಳಿಗೆಲ್ಲ ಅತ್ತೆಯ ಹೆಬ್ಬೆಟ್ಟು ಹಾಕಿಸಿಕೊಳ್ಳುವುದು ನಮ್ಮ ಶೆಡ್ಡಿನ ರೂಢಿ. ಅತ್ತೆಯೇ ಹೇಳಿಕೊಟ್ಟ ಉಪಾಯ ಅದು. ಕೆಲಸ ನಿಲ್ಲಬಾರದು ಎಂದು ಹೇಳಿಕೊಟ್ಟಿದ್ದಳು.

‘ನಾಲಿಗೆ ಸತ್ತುಹೋಗಿದೆ, ಕಹಿ ತಿಳೀಲಿಲ್ಲ ಅನ್ನು. ಮುದುಕೀನ ಯಾರೂ ಜೈಲಿಗೆ ಹಾಕಲ್ಲ. ಹಾಗೆ ಹೇಳಲ್ಲ ಅಂದ್ರೆ, ರುಚಿ ನೋಡಿ ಬಿಟ್ಟಿದ್ದು ನಿನ್ ಸೊಸೆ ಅಂತ ಮೇಸ್ತ್ರಿ ಹೇಳಬೇಕಾಗುತ್ತೆ. ಹನ್ನೊಂದು ಜನ ನೋಡಿದಾರೆ. ಇವಳು ವಯಸ್ಸಿನೋಳು. ಇವಳನ್ನ ಬಿಡಲ್ಲ.’

ಅತ್ತೆ ಚಾಪೆಯನ್ನು ಅವರ ಕಾಲಿನ ಕೆಳಗಿಂದ ಮೆಲ್ಲಗೆ ಎಳೆದುಕೊಂಡಳು. ‘ಆ ಇಟ್ಟಿಗೆ ಹೊರೋಳು ಹೇಗಿದಾಳೆ?’

‘ಅದು ನಿಂಗ್ಯಾಕೆ ಈಗ?’ ಎಂದು ಯಜಮಾನರು ಹೊರಟುಹೋದರು.

‘ಅತ್ತೆ, ನೀನು ಹಾಗೆ ಹೇಳ್ಬೇಡ’ ಎಂದೆ. ಅವಳು ಚಾಪೆ ಸುತ್ತಿ ಮೂಲೆಗಿಟ್ಟು, ನನ್ನನ್ನು ದಾಟಿಕೊಂಡು ಕೆಲಸಕ್ಕೆ ನಡೆದಳು. ನಾನು ಇನ್ನೂ ಏನಾದರೂ ಹೇಳಬಹುದಿತ್ತು. ಹೇಳಲಿಲ್ಲ. ಹೆದರಿಕೆ ನನ್ನನ್ನು ಒಳಗೊಳಗೇ ತಿನ್ನುತ್ತಿತ್ತು, ಅತ್ತೆ ಹೇಳಿದರೆ ನಾನು ಉಳಿದುಕೊಳ್ಳುತ್ತೇನೆ ಎಂಬ ಆಸೆಯೂ ಅದರ ಪಕ್ಕದಲ್ಲೇ ಕೂತಿತ್ತು. ಇದನ್ನು ನಾನು ಮುಚ್ಚಿಡುವುದಿಲ್ಲ.

ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಜೀಪಿನಿಂದ ಇಳಿದರು. ಕಳಲೆ ನೆನೆದ ವಾಸನೆ ಹೊಸಬರಿಗೆ ಆಗುವುದಿಲ್ಲ. ಶೆಡ್ಡಿನ ನಡುವೆ ಮೇಜು, ಕುರ್ಚಿ, ಮಸಿಯ ಡಬ್ಬಿ, ಕಾಗದ. ನಮಗೆ ತೊಟ್ಟಿಯ ಮುಂದೆ ಕೂತು ಕೆಲಸ ಮಾಡುತ್ತಿರಲು ಅಪ್ಪಣೆಯಾಗಿತ್ತು. ಸಾಹೇಬರಿಗೆ ನಾವು ಚೆನ್ನಾಗಿ ಕಾಣಬೇಕಿತ್ತು.

‘ಎಲ್ಲಾ ಕ್ರಮ ಪ್ರಕಾರನೇ ಸಾರ್’ ಎಂದರು ಯಜಮಾನರು. ‘ಮೂರು ದಿನ ನೆನೆಹಾಕ್ತೀವಿ. ದಿನಾ ನೀರು ಬದಲಾಯಿಸ್ತೀವಿ. ತೆರೆದ ಹಂಡೇಲಿ ಕುದಿಸ್ತೀವಿ. ಎಲ್ಲೋ ಒಂದು ತುಂಡು ಸರಿಯಾಗಿ ನೆನೆದಿರಲ್ಲ. ಅದನ್ನ ಹಿಡಿಯೋಕೆ ಅಂತಲೇ ಈ ಅಜ್ಜಿನ ಇಟ್ಕೊಂಡಿರೋದು. ಪಾಪ, ವಯಸ್ಸಾಯ್ತು. ನಾಲಿಗೆ ಸತ್ತಿದೆ, ಕೆಲಸ ಹೋಗುತ್ತೆ ಅಂತ ಮುಚ್ಚಿಟ್ಟಿದಾಳೆ. ಮನೆಯೋರ ಥರ ನೋಡ್ಕೊಂಡೆ, ಅದೇ ನನ್ನ ತಪ್ಪಾಯ್ತು.’

‘ಹೌದೇನಮ್ಮಾ?’ ಎಂದು ಸಾಹೇಬರು ಅತ್ತೆಯನ್ನು ಕೇಳಿದರು.

‘ಹೌದು ಸ್ವಾಮಿ’ ಎಂದಳು ಅತ್ತೆ.

‘ತಾನ್ ತಿಂದು ಮೇಕೆ ಬಾಯಿಗೆ ಒರೆಸ್ತೈತೆ ಕೋತಿ’ ಎಂದು ಗುಂಗುರಿ ಸಿಪ್ಪೆಯ ರಾಶಿಯೊಳಗೆ ಗೊಣಗಿದಳು.

ಸಾಹೇಬರಿಗೆ ಅಷ್ಟಕ್ಕೇ ತೃಪ್ತಿಯಾಗಲಿಲ್ಲ. ‘ನಾಲಿಗೆ ಸತ್ತಿದೆ ಅಂತ ಸುಮ್ನೆ ಬರೆಯೋಕಾಗಲ್ಲ. ಪರೀಕ್ಷೆ ಮಾಡಿದ್ದೀನಿ ಅಂತ ಬರೀಬೇಕು. ಒಂದು ಹಸೀ ತುಂಡು ಕೊಡಿ, ನೋಡೋಣ.’

ಮೇಸ್ತ್ರಿ ಓಡಿದ. ಅದೇ ಆಗ ಸುಲಿದಿದ್ದ ಕಳಲೆಯ ತುದಿಯನ್ನೇ ಹೆಚ್ಚಿ ತಟ್ಟೆಯಲ್ಲಿ ತಂದ. ಕಹಿಯೆಲ್ಲ ತುದಿಯಲ್ಲೇ ಇರುವುದು ಎಂದು ಆ ಬೋಳಿಮಗನಿಗೂ ಗೊತ್ತು.

ಅತ್ತೆ ತುಂಡನ್ನು ತೆಗೆದುಕೊಂಡಳು. ನಾಲಿಗೆಯ ಹಿಂದಕ್ಕೆ ಇಟ್ಟುಕೊಳ್ಳಲಿಲ್ಲ, ಕಣ್ಣು ಮುಚ್ಚಲಿಲ್ಲ. ಅಗಿದಳು. ಅವಳು ಕಳಲೆ ಅಗಿದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಎಡಗಣ್ಣಿನ ರೆಪ್ಪೆ ಒಂದು ಸಲ ಅದುರಿತು. ಗಂಟಲು ಏರಿ ಇಳಿಯಿತು.

‘ಹೇಗಿದೆ?’

‘ಏನೂ ಇಲ್ಲ ಸ್ವಾಮಿ. ನೀರು ಕುಡಿದಂಗಿದೆ.’

ಸಾಹೇಬರು ಬರೆದುಕೊಂಡರು.

‘ಇನ್ನೊಂದು ಕೊಡೋ’ ಎಂದರು ಯಜಮಾನರು. ‘ಸಾಹೇಬ್ರಿಗೆ ಅನುಮಾನ ಉಳೀಬಾರ್ದು.’

ಅತ್ತೆ ಇನ್ನೊಂದನ್ನೂ ಅಗಿದು ನುಂಗಿದಳು. ಹಣೆಯ ಮೇಲೆ ಬೆವರು ಒಡೆಯಿತು. ಸತ್ತ ನಾಲಿಗೆಗೆ ಬೆವರು ಎಲ್ಲಿಂದ ಬಂತು ಎಂದು ಸಾಹೇಬರು ಕೇಳಲಿಲ್ಲ. ಮೂರನೆಯ ತುಂಡನ್ನು ಮೇಸ್ತ್ರಿಯೇ ಎತ್ತಿ ಅವಳ ಬಾಯಿಗೆ ಹಿಡಿದ. ‘ತಿನ್ನಜ್ಜಿ, ತಿನ್ನು. ಹತ್ತೊಂಬತ್ತು ವರ್ಷ ಬರೀ ಉಗಿದಿದ್ದೇ ಆಯ್ತಲ್ಲ’ ಎಂದು ನಕ್ಕ. ಅತ್ತೆ ಬಾಯಿ ತೆರೆದಳು. ತೆರೆಯುವಾಗ ಅವಳ ಕಣ್ಣು ಒಂದೇ ಒಂದು ಕ್ಷಣ ನನ್ನ ಕಡೆ ಬಂತು. ಸುಮ್ಮನೆ ಕೂತಿರು ಎಂದಿತು.

ನನ್ನಿಂದ ಕೂತಿರಲಾಗಲಿಲ್ಲ.

ಯಾವಾಗ ಎದ್ದೆ, ಮೇಜನ್ನು ಹೇಗೆ ದಾಟಿದೆ ಎಂದು ನೆನಪಿಲ್ಲ. ತಟ್ಟೆ ಕೆಳಗೆ ಬಿದ್ದ ಸದ್ದು ಕೇಳಿತು. ಅತ್ತೆಯ ಕತ್ತು ಹಿಡಿದು ಬಾಯಿಯೊಳಗೆ ಬೆರಳು ಹಾಕಿದೆ. ‘ಉಗಿ ಅತ್ತೆ. ಉಗಿ.’ ಅವಳು ಹಲ್ಲು ಕಚ್ಚಿದಳು, ನನ್ನ ಬೆರಳನ್ನೂ ಸೇರಿಸಿ ಕಚ್ಚಿದಳು. ನಾನು ಬಿಡಲಿಲ್ಲ. ಬೆರಳನ್ನು ಗಂಟಲವರೆಗೂ ಇಳಿಸಿದೆ. ಅವಳು ಮುಂದಕ್ಕೆ ಬಾಗಿ ಕಕ್ಕಿದಳು. ಅರ್ಧ ಯಜಮಾನರ ಚಪ್ಪಲಿಯ ಮೇಲೆ ಬಿತ್ತು.

ಕೈಗೆ ಸಿಕ್ಕ ಜಗಿದ ಕಳಲೆಯನ್ನು ತೆಗೆದು ಸಾಹೇಬರ ಕಾಗದದ ಮೇಲಿಟ್ಟೆ.

‘ಬರ್ಕೊಳ್ಳಿ ಸಾರ್. ಆಯ್ತು ಅಂದಿದ್ದು ನಾನು. ಇವಳು ಕಹಿ ಅಂತ ಉಗಿದ್ಲು. ನಂಗೂ ಕಹಿ ಇತ್ತು, ನುಂಗ್ಕೊಂಡೆ. ನೀರು ಬದಲಾಯಿಸ್ಲಿಲ್ಲ. ಎರಡೇ ದಿನಕ್ಕೆ ತೆಗೆದ್ವಿ. ಮುಚ್ಚಳ ಮುಚ್ಚಿ ಕುದಿಸಿದ್ವಿ, ಅವು ಸೌದೆ ಹಿಂದೆ ಇವೆ, ಹೋಗಿ ನೋಡಿ. ಹೇಳಿಸಿದ್ದು ಇವನು. ಇವನ ಕೈಲಿ ಹೇಳಿಸಿದ್ದು ಅವರು.’

ಮೇಸ್ತ್ರಿ ನನ್ನ ಜಡೆ ಹಿಡಿದು ಹಿಂದಕ್ಕೆ ಎಳೆದ. ‘ಹುಚ್ಚುಮುಂಡೆ ಸಾರ್ ಇವಳು. ಗಂಡ ಬಿಟ್ಟೋದ ಮೇಲೆ ತಲೆ ಕೆಟ್ಟಿದೆ.’

‘ಜಡೆ ಬಿಡೋ’ ಎಂದು ಗುಂಗುರಿ ಎದ್ದು ನಿಂತಳು. ಅವಳ ಕೈಯಲ್ಲಿ ಸುಲಿಯುವ ಕತ್ತಿಯಿತ್ತು. ಅದನ್ನು ಅವಳು ಎತ್ತಲಿಲ್ಲ, ಕೆಳಗೂ ಇಡಲಿಲ್ಲ. ಮೇಸ್ತ್ರಿ ಜಡೆ ಬಿಟ್ಟ.

‘ಅತ್ತೇನ ನಿಮ್ಮ ಜೀಪಲ್ಲಿ ಆಸ್ಪತ್ರೆಗೆ ಕಳಿಸಿ ಸಾರ್’ ಎಂದೆ.

‘ಜೀಪು ಸರ್ಕಾರಿ ಕೆಲಸಕ್ಕಮ್ಮ’ ಎಂದರು ಸಾಹೇಬರು. ಕಾಗದದ ಮೇಲಿನ ಜಗಿದ ಮುದ್ದೆಯನ್ನು ಪೆನ್ನಿನ ತುದಿಯಿಂದ ಸರಿಸಿದರು.

ಗುಂಗುರಿ ಕತ್ತಿಯನ್ನು ಪಕ್ಕದವಳ ಕೈಗೆ ಕೊಟ್ಟು ಟ್ಯಾಂಕರಿನವನನ್ನು ಕರೆತರಲು ಓಡಿದಳು. ಅತ್ತೆ ತೊಟ್ಟಿಯ ಗೋಡೆಗೆ ಒರಗಿ ಕೂತಿದ್ದಳು. ತುಟಿ ಬಿಳಚಿಕೊಂಡಿತ್ತು.

‘ಬಾಯಲ್ಲಿ ಹೇಳಿದ್ದೆಲ್ಲ ನಡಿಯಲ್ಲ’ ಎಂದರು ಸಾಹೇಬರು. ‘ಓದು ಬರುತ್ತಾ?’

‘ಇಲ್ಲ.’

‘ಹಾಗಿದ್ರೆ ಹೆಬ್ಬೆಟ್ಟು ಹಾಕು.’ ಹೊಸ ಕಾಗದದ ಮೇಲೆ ನಾಲ್ಕು ಸಾಲು ಗೀಚಿ ಮುಂದಕ್ಕೆ ತಳ್ಳಿದರು. ನಾನು ಹೇಳಿದ್ದೆಲ್ಲ ನಾಲ್ಕು ಸಾಲಿನಲ್ಲಿ ಹಿಡಿಸಿತೋ ಏನೋ. ಓದಿ ಹೇಳಿ ಎಂದೆ. ಓದಿದರು. ಇತ್ತು.

ಮಸಿಗೆ ಹೆಬ್ಬೆರಳು ಅದ್ದಿ ಒತ್ತಿದೆ. ಕಪ್ಪು ಮಚ್ಚೆಯೊಂದು ಬಿತ್ತು, ಅದರ ಅಂಚಿನಿಂದ ನೀರು ಹರಡಿತು. ಇನ್ನೊಮ್ಮೆ ಒತ್ತಿದೆ. ಮತ್ತೆ ಮಚ್ಚೆ. ಆರು ದಿನ ನೀರಿನಲ್ಲಿದ್ದ ಬೆರಳು, ಗೆರೆಯೇ ಇರಲಿಲ್ಲ.

‘ಗುರುತು ಬರ್ತಾ ಇಲ್ಲ’ ಎಂದು ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. ‘ಇದು ಯಾರ್ದು ಬೇಕಾದ್ರೂ ಆಗಬಹುದು. ಮೇಲಿನೋರು ಒಪ್ಪಲ್ಲ. ಚೀಟಿ ಮೇಲೆ ಅಜ್ಜಿದು ಸ್ಪಷ್ಟವಾಗಿದೆ.’

ಯಜಮಾನರು ಚಪ್ಪಲಿಯನ್ನು ಗೋಣಿಚೀಲಕ್ಕೆ ಒರೆಸಿಕೊಳ್ಳುತ್ತ ಸಣ್ಣಗೆ ನಕ್ಕರು. ಅವರು ನಗುವುದನ್ನೂ ನಾನು ಮೊದಲ ಸಲ ನೋಡಿದೆ.

ಆಗ ಅತ್ತೆ ಮಾತಾಡಿದಳು. ಗೋಡೆಯ ಜೊತೆ ಅಲ್ಲ. ಮೂರು ದಿನದ ಮೇಲೆ ನನ್ನ ಮುಖ ನೋಡಿ ಮಾತಾಡಿದಳು.

‘ಏ ಹುಡುಗಿ. ಒದ್ದೆ ಕೈ ಒತ್ತಿದ್ರೆ ಹೇಗೇ ಬರುತ್ತೆ? ಒಣಗಿಸ್ಕೋ ಮೊದಲು.’

ಬಿಸಿಲು ಶೆಡ್ಡಿನ ಬಾಗಿಲಲ್ಲಿ ಮಾತ್ರ ಬೀಳುತ್ತದೆ. ನಾನು ಅತ್ತೆಯನ್ನು ಎಬ್ಬಿಸಿ, ತೋಳಿನಲ್ಲಿ ಹಿಡಿದುಕೊಂಡು ಅಲ್ಲಿಗೆ ಕರೆದೊಯ್ದು ಹೊಸ್ತಿಲ ಮೇಲೆ ಕೂತೆ. ಬಲಗೈಯನ್ನು ಮೊಣಕಾಲಿನ ಮೇಲೆ ಅಂಗಾತ ಇಟ್ಟು ಹೆಬ್ಬೆರಳನ್ನು ಬಿಸಿಲಿಗೆ ಹಿಡಿದೆ. ‘ಒಣಗೋ ತನಕ ಇರಿ ಸಾರ್’ ಎಂದೆ.

‘ಎಷ್ಟ್ ಹೊತ್ತು ಬೇಕು ಅದು ಒಣಗೋಕೆ?’ ಎಂದರು ಸಾಹೇಬರು, ಗಡಿಯಾರ ನೋಡುತ್ತ.

‘ಭಾನುವಾರ ಪೂರ್ತಿ ಬೇಕು’ ಎಂದಳು ಅತ್ತೆ. ‘ಸೋಮವಾರ ಬೆಳಿಗ್ಗೆ ಚೆನ್ನಾಗ್ ಬರುತ್ತೆ.’

ತೊಟ್ಟಿಯ ಹತ್ತಿರ ಕೈಗಳು ನೀರಿನಿಂದ ಹೊರಗೆ ಬಂದ ಸದ್ದು ಕೇಳಿಸಿತು. ಅವತ್ತು ಕಿಸಕ್ಕೆಂದು ನಕ್ಕವಳೇ ಮೊದಲು ಎದ್ದಳು. ಸೆರಗಿಗೆ ಕೈ ಒರೆಸಿಕೊಂಡು ನನ್ನ ಪಕ್ಕದಲ್ಲಿ ಕೂತಳು. ‘ನಾನೂ ನೋಡಿದೀನಿ, ನಂದೂ ಬರ್ಕೊಳ್ಳಿ’ ಎಂದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಹೊಸ್ತಿಲು ತುಂಬಿತು, ಮೆಟ್ಟಿಲೂ ತುಂಬಿತು. ಎಲ್ಲರೂ ಅಂಗೈ ಮೇಲೆ ಮಾಡಿ ಬಿಸಿಲಿಗೆ ಹಿಡಿದು ಕೂತರು. ಜೀಪಿಗೆ ಹೋಗಬೇಕೆಂದರೆ ಸಾಹೇಬರು ನಮ್ಮ ಕೈಗಳನ್ನು ದಾಟಿಯೇ ಹೋಗಬೇಕಿತ್ತು.

‘ಏಳ್ರೇ ಮುಂಡೇರಾ’ ಎಂದು ಮೇಸ್ತ್ರಿ ಕೂಗುತ್ತಿದ್ದ. ಒಳಗೆ ಹಂಡೆ ತಾನೇ ತಾನಾಗಿ ಕುದಿದು ಉಕ್ಕಿ ಒಲೆಯ ಮೇಲೆ ಸುರಿಯುತ್ತಿತ್ತು. ಟ್ಯಾಂಕರಿನ ಸದ್ದು ಇನ್ನೂ ಬಂದಿರಲಿಲ್ಲ. ಅತ್ತೆಯ ತಲೆ ನನ್ನ ಭುಜದ ಮೇಲಿತ್ತು. ಅವಳ ಉಸಿರು ಒಂದು ಬಂದು ಇನ್ನೊಂದು ಬರುವವರೆಗೆ ನಾನು ರಸ್ತೆಯ ತಿರುವನ್ನು ನೋಡುತ್ತಿದ್ದೆ, ಬಂದ ಮೇಲೆ ಹೆಬ್ಬೆರಳನ್ನು ನೋಡುತ್ತಿದ್ದೆ. ಗೆರೆಗಳು ಇನ್ನೂ ಮೂಡಿರಲಿಲ್ಲ.